ಕೆಂಜಿಗೆಗುಡ್ಡದ ಬಿಳಿ ಬಟ್ಟೆ

ಕಿರ್ರ್.

ರಾತ್ರಿ ಒಂದೂವರೆಗೆ ಚಂದ್ರಿಕಾಳಿಗೆ ಎಚ್ಚರವಾಯಿತು. ಇಲಿಯಲ್ಲ, ಹಲ್ಲಿಯೂ ಅಲ್ಲ. ಥರ್ಮಾಕೋಲಿಗೆ ಥರ್ಮಾಕೋಲು ಉಜ್ಜಿದ ಸದ್ದು. ಅವಳು ಕಣ್ಣು ಮುಚ್ಚಿಕೊಂಡೇ ಎಣಿಸಿದಳು. ನಲವತ್ತಕ್ಕೆ ಬರುವಷ್ಟರಲ್ಲಿ ಮತ್ತೆ, ಕಿರ್ರ್.

ಡ್ರೈ ಐಸ್ ತುಂಬಿದ ಪೆಟ್ಟಿಗೆಯ ಮುಚ್ಚಳ ಒಳಗಿನ ಗಾಳಿಗೆ ಎದ್ದು ಕೂರುವ ಸದ್ದದು. ತಣ್ಣನೆಯ ಜಾಗದಲ್ಲಿದ್ದರೆ ಕಾಲು ಗಂಟೆಗೊಮ್ಮೆ ಕೇಳಬೇಕು. ನಿಮಿಷಕ್ಕೊಮ್ಮೆ ಕೇಳುತ್ತಿದೆ ಎಂದರೆ ಐಸು ಆವಿಯಾಗಿ ಹೋಗುತ್ತಿದೆ ಎಂದೇ ಅರ್ಥ.

ಅವಳು ಟಾರ್ಚ್ ಹಿಡಿದು ಜಗಲಿಗೆ ಓಡಿದಳು. ಸಂಜೆ ತಾನೇ ಇಟ್ಟಿದ್ದ ಪೆಟ್ಟಿಗೆ ಅಲ್ಲಿರಲಿಲ್ಲ. ವನಗೂರಿನ ಹಳೆಯ ಎಸ್ಟೇಟ್ ಲೈನಿನ ಆ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ ಮತ್ತು ಒಂದು ಅಡುಗೆಮನೆ. ಪೆಟ್ಟಿಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಕೆಂಡ ಇನ್ನೂ ಮಿಣುಕುತ್ತಿದ್ದ ಒಲೆಯ ಪಕ್ಕದಲ್ಲಿ, ಎರಡು ಗೋಣಿಚೀಲ ಹೊದ್ದು, ಬಾಣಂತಿಯ ಮಗುವಿನ ಹಾಗೆ ಬೆಚ್ಚಗೆ ಕೂತಿತ್ತು.

"ಯಾರು ಇದನ್ನ ಇಲ್ಲಿಟ್ಟಿದ್ದು?"

ಮೂಲೆಯಲ್ಲಿ ಮಲಗಿದ್ದ ಕುಳ್ಳಯ್ಯ ಕಂಬಳಿ ಸರಿಸಿ ಎದ್ದು ಕೂತ. ಆರು ವರ್ಷದಿಂದ ಉಣುಗು ಹಿಡಿಯುವ ತಂಡಕ್ಕೆ ಕಾಡಿನ ದಾರಿ ತೋರಿಸುತ್ತಿದ್ದವನು ಅವನೇ. ಅರವತ್ತರ ಅಂಚಿನ ಸಣಕಲು ಮನುಷ್ಯ. "ನಾನೇ ಕಣವ್ವ. ಹೊರಗೆ ಇಬ್ಬನಿ ಬೀಳ್ತಿತ್ತು. ಪಾಪ, ನೆನ್ದೋಯ್ತದೆ ಅಂತ ಒಳಗೆ ತಂದೆ."

"ಐಸ್ ಕುಳ್ಳಯ್ಯಣ್ಣ, ಐಸ್! ಅದಕ್ಕೆ ಚಳಿ ಆಗುತ್ತಾ? ಒಲೆ ಪಕ್ಕ ಇಡ್ತಾರಾ ಯಾರಾದ್ರೂ?"

"ತಪ್ಪಾಯ್ತವ್ವ."

ತಪ್ಪಾಯ್ತಂತೆ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬೇಕಂತ ಮಾಡಿದವನನ್ನು ಬೈದರೆ ಮನಸ್ಸಾದರೂ ಹಗುರವಾಗುತ್ತದೆ. ಇವನನ್ನು ಬೈದರೆ ಬೈದವರಿಗೇ ನೋವು. ಮುಚ್ಚಳ ತೆಗೆದು ನೋಡಿದಳು. ಹಾಸನದಿಂದ ತರಿಸಿದ ಹತ್ತು ಕಿಲೋದಲ್ಲಿ ನಾಲ್ಕು ಉಳಿದಿದ್ದರೆ ಹೆಚ್ಚು. ಉಣುಗು ಸೆಳೆಯಲು ಕಾಡಿನ ಮೂರು ಕಡೆ ಇಡಬೇಕೆಂದುಕೊಂಡಿದ್ದ ಐಸು ಇನ್ನು ಒಂದೇ ಕಡೆಗೆ ಸಾಕಾಗುವಂತಿತ್ತು.

ಪೆಟ್ಟಿಗೆಯನ್ನು ಜಗಲಿಗೆ ಹೊತ್ತು ತಂದು, ಅದರ ಪಕ್ಕದಲ್ಲೇ ಬೆಳಗಿನವರೆಗೂ ಕೂತಳು. ನಿದ್ದೆ ಬರಲಿಲ್ಲ. ಸಿಟ್ಟಿನ ಜೊತೆ ನಿದ್ದೆ ಎಲ್ಲಿ ಬರುತ್ತದೆ?

ಆ ಸಿಟ್ಟಿಗೆ ಒಂದು ವರ್ಷ ವಯಸ್ಸಾಗಿತ್ತು.

ಕೆಂಜಿಗೆಗುಡ್ಡದ ಜನ ಬೇಸಿಗೆಗೆ ಮೊದಲು ಕಾಡಿನಿಂದ ದರಗು ತರುತ್ತಾರೆ. ಕೊಟ್ಟಿಗೆಗೆ ಹಾಸುವ ಒಣ ಎಲೆ ಅದು. ಆ ಎಲೆಯ ಅಡಿಯಲ್ಲೇ ರಾಗಿ ಕಾಳಿಗಿಂತ ಸಣ್ಣ ಮರಿ ಉಣುಗುಗಳು ಕಾದಿರುತ್ತವೆ, ಕಚ್ಚಿದರೆ ಮಂಗನ ಕಾಯಿಲೆ. ಅದಕ್ಕೇ ಪ್ರತಿ ವರ್ಷ ಫೆಬ್ರವರಿಯಲ್ಲಿ ತಂಡವೊಂದು ಹೋಗಿ, ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಎಲೆಯ ಮೇಲೆ ಎಳೆದು, ಅದಕ್ಕೆ ಹತ್ತಿದ ಉಣುಗು ಎಣಿಸಬೇಕು. ಹೆಚ್ಚಿದ್ದರೆ ಕಾಡು ಬಂದ್, ಇಲ್ಲದಿದ್ದರೆ ದರಗಿಗೆ ಬಿಡುವುದು. ಮೊದಲೆಲ್ಲ ನಲವತ್ತು, ಐವತ್ತು ಸಿಗುತ್ತಿದ್ದವು. ಹೋದ ವರ್ಷ ಹದಿನಾಲ್ಕು ಜಾಗದಲ್ಲಿ ಬಟ್ಟೆ ಎಳೆದು ಹದಿನಾಲ್ಕೂ ಕಡೆ ಸೊನ್ನೆ ಬರೆದುಕೊಂಡು ಬಂದಿದ್ದರು. ಚಂದ್ರಿಕಾ ಆಗ ಆಲೂರಿನ ಕಡೆ ದನಗಳ ಮೈಯಿಂದ ಉಣುಗು ಕೀಳುವ ಕೆಲಸದಲ್ಲಿದ್ದಳು. ಸಕಲೇಶಪುರದ ಕಚೇರಿಗೆ ಬಂದು ಆ ಪಟ್ಟಿ ಕಂಡಾಗ ಅವಳಿಗೆ ವಿಚಿತ್ರವೆನಿಸಿತ್ತು. ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದಳು. ಆಮೇಲೆ ಪಟ್ಟಿಯ ಕೆಳಗೆ, ಪರಿಶೀಲಿಸಿದವರ ಜಾಗದಲ್ಲಿ, ರುಜು ಹಾಕಿದ್ದಳು.

ಕಾಡು ಬಿಟ್ಟರು. ಒಂಬತ್ತು ಜನ ದರಗಿಗೆ ಹೋದರು. ನಾಲ್ವರಿಗೆ ಜ್ವರ ಬಂತು. ಹನ್ನೆರಡನೇ ದಿನ ಒಬ್ಬಳು ತೀರಿಕೊಂಡಳು. ಅವಳ ಹೆಸರು ಭೂತಮ್ಮ, ಕುಳ್ಳಯ್ಯನ ಹೆಂಡತಿ.

ತಂಡದ ಅಧಿಕಾರಿ ಜಯಕುಮಾರ್ ಅಂದು ಜೀಪಿನಿಂದ ಇಳಿಯದೇ ಕೂತಲ್ಲೇ ಸೊನ್ನೆ ಬರೆಸಿದ್ದಾನೆ ಎಂದು ಚಂದ್ರಿಕಾ ನಂಬಿದ್ದಳು. ಬೇರೆ ಏನಿರಲು ಸಾಧ್ಯ? ಸಾವಿನ ಮೇಲೆ ಕಾಡನ್ನು ಮತ್ತೆ ಮುಚ್ಚಿದ್ದರು. ಈಗ ಸೋಮವಾರದ ಸಭೆಯಲ್ಲಿ ಮತ್ತೆ ತೆರೆಯುವ ಮಾತು. "ಆ ನಾಲ್ಕು ಜನಕ್ಕೆ ಕಾಯಿಲೆ ಬೇರೆ ಎಲ್ಲಿಂದಲೋ ಬಂದಿದೆ, ಅಲ್ಲಿ ಉಣುಗೇ ಇರಲಿಲ್ಲವಲ್ಲ" ಎಂಬುದು ಜಯಕುಮಾರನ ವಾದ. ಬಟ್ಟೆಯ ಲೆಕ್ಕ ಸರಿಯೋ ತಪ್ಪೋ ಬೇರೆ ವಿಧಾನಗಳ ಜೊತೆ ಹೋಲಿಸಿ ನೋಡುತ್ತೇನೆಂದು ಅವಳು ಹಟ ಹಿಡಿದಿದ್ದಳು. ಅವನು ಕೊಟ್ಟದ್ದು ಒಂದೇ ದಿನ, ಶನಿವಾರ.

ಆ ಶನಿವಾರ ಈಗ ಬೆಳಗಾಗುತ್ತಿತ್ತು.

*

ಐದೂವರೆಗೆ ಜೀಪು ಹೊರಟಿತು. ಓಡಿಸುತ್ತಿದ್ದವನು ಸಂಜಯ್, ಹಾಸನದಲ್ಲಿ ಪ್ರಾಣಿಶಾಸ್ತ್ರ ಓದಿ ಸಂಶೋಧನೆಗೆಂದು ತಂಡ ಸೇರಿದ ಇಪ್ಪತ್ತೈದರ ಹುಡುಗ. ಕಡಿದಾದ ತಿರುವಿನಲ್ಲಿ ಗೇರು ಬದಲಿಸುತ್ತಾ ಅವನು ಹೇಳಿದ, "ಮೇಡಂ, ಮುಖ ಸ್ವಲ್ಪ ಸಡಿಲ ಬಿಡಿ. ನಿಮ್ಮನ್ನ ನೋಡಿ ಜೀಪೇ ಹೆದರ್ತಿದೆ."

"ರಸ್ತೆ ನೋಡು."

"ರಸ್ತೆ ಎಲ್ಲಿದೆ ತೋರ್ಸಿ, ನೋಡ್ತೀನಿ."

ರಸ್ತೆ ಮುಗಿದಲ್ಲಿ ಇಳಿದು ನಡೆಯತೊಡಗಿದರು. ಮುಂದೆ ಕುಳ್ಳಯ್ಯ, ಹೆಗಲ ಮೇಲೆ ಬಿದಿರು ಕೋಲಿಗೆ ಸುತ್ತಿದ ಬಿಳಿ ಬಟ್ಟೆ. ನಡುವೆ ಐಸಿನ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡ ಸಂಜಯ್. ಹಿಂದೆ ಟ್ಯೂಬುಗಳ ಡಬ್ಬಿ, ಚಿಮುಟ, ನೋಟ್‌ಬುಕ್ಕಿನ ಜೊತೆ ಚಂದ್ರಿಕಾ.

ಏಲಕ್ಕಿ ತೋಟದ ಬೇಲಿ ದಾಟಿದ ಮೇಲೆ ಕಾಡು ಒಮ್ಮೆಲೇ ಕತ್ತಲಾಯಿತು. ಹೆಬ್ಬಲಸು, ಧೂಪ, ನಂದಿ ಮರಗಳು ಎಲೆ ಉದುರಿಸಿ ನೆಲವೆಲ್ಲ ಮೊಣಕಾಲುದ್ದದ ಕಂದು ಹಾಸಿಗೆ. ಹೆಜ್ಜೆ ಇಟ್ಟರೆ ಹಪ್ಪಳ ಮುರಿದಂತೆ ಸದ್ದು. ಮೇಲೆ ಹತ್ತಿದಂತೆ ಮರಗಳ ಸಂದಿನಿಂದ ಬೋಳು ಹುಲ್ಲುಗುಡ್ಡದ ನೆತ್ತಿ ಕಾಣುತ್ತಿತ್ತು. ಅದರ ಮೇಲೆ ಮಂಜು ಹಾಲು ಉಕ್ಕಿದ ಹಾಗೆ ಇಳಿಯುತ್ತಿತ್ತು. ಎಲ್ಲೋ ಕೆಳಗೆ, ಕಾಣದ ಕಣಿವೆಯಲ್ಲಿ, ಹೆದ್ದಾರಿಯ ಲಾರಿಗಳು ಮಾರನಹಳ್ಳಿಯ ಏರಿನಲ್ಲಿ ಏದುಸಿರು ಬಿಡುತ್ತಿದ್ದವು. ಈ ಗುಡ್ಡದಲ್ಲಿ ಮಾತ್ರ ಕರಿಮೂತಿಯ ಕೋತಿ ಮುಸಿಯದ ಒಂದು ಕೂಗೂ ಇಲ್ಲ. ಒಂದು ನಂದಿ ಮರದ ಬುಡದಲ್ಲಿ ಮುಸಿಯದ ತಲೆಬುರುಡೆ ಬಿದ್ದಿತ್ತು. ಸಂಜಯನ ತಮಾಷೆ ಅಲ್ಲಿಗೆ ನಿಂತಿತು.

"ಹೋದ್ ವರ್ಸದ್ದು, ಅದೇ ಕಾಯ್ಲೇಲಿ ಸತ್ತಿದ್ದು," ಎಂದ ಕುಳ್ಳಯ್ಯ. ಮುಂದೆ ಬೈನೆ ಮರವೊಂದು ಸಿಗಿದು ಬಿದ್ದಿದ್ದನ್ನು ನೋಡಿ ಬಾಗಿ ಲದ್ದಿಯನ್ನು ಕಾಲಿನಿಂದ ಒತ್ತಿದ. "ಇದು ಹೋದ್ ವರ್ಸದ್ದಲ್ಲ. ರಾತ್ರೀದು. ಸಲಗ ಐತೆ, ಒಂಟಿ. ಮಾತು ಕಮ್ಮಿ ಮಾಡ್ರಪ್ಪ."

ಎಂಟೂವರೆಗೆ ಮೊದಲ ಇಳಿಜಾರು ತಲುಪಿದರು. ಚಂದ್ರಿಕಾ ಹೆಜ್ಜೆ ಎಣಿಸಿ, ಒಂದರ ಪಕ್ಕ ಒಂದು ಮೂರು ಪಟ್ಟಿ ಗುರುತು ಮಾಡಿದಳು. ಒಂದೇ ನೆಲ, ಒಂದೇ ಎಲೆ, ಒಂದೇ ಹೊತ್ತು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮೊದಲ ಪಟ್ಟಿಯಲ್ಲಿ ಬಿಳಿ ಹಾಳೆ ಹಾಸಿ, ತೂತು ಕೊರೆದ ಡಬ್ಬಿಯಲ್ಲಿ ಐಸಿಟ್ಟರು. ಅದರಿಂದ ಬರುವ ಗಾಳಿಯನ್ನು ಉಣುಗು ಪ್ರಾಣಿಯ ಉಸಿರೆಂದು ನಂಬಿ ತಾನೇ ತೆವಳಿ ಬರುತ್ತದೆ. ಎರಡನೆಯದರಲ್ಲಿ ಬಟ್ಟೆ ಎಳೆಯುವುದು. ಮೂರನೆಯದರಲ್ಲಿ ಬಿಳಿ ಪ್ಯಾಂಟು, ಅದರ ಮೇಲೆ ಬಿಳಿ ಉದ್ದ ಕಾಲುಚೀಲ ಹಾಕಿಕೊಂಡು ಸುಮ್ಮನೆ ನಡೆಯುವುದು. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆಯ ಮೇಲೆ ಹತ್ತಿದ್ದನ್ನು ಎಣಿಸಿ ಕೀಳುವುದು. ಆ ನಡಿಗೆಗೆ ಡೇಪಾ ಎಣ್ಣೆ ಹಚ್ಚುವಂತಿಲ್ಲ. ಹಚ್ಚಿದರೆ ಉಣುಗು ಹತ್ತಿರ ಬಾರದು. ಆ ಕೆಲಸವನ್ನು ಚಂದ್ರಿಕಾ ಬೇರೆ ಯಾರಿಗೂ ಕೊಡಲಿಲ್ಲ. ಕಾಲುಚೀಲದ ಅಂಚಿಗೆ ಎರಡು ಸುತ್ತು ಟೇಪು ಬಿಗಿದುಕೊಂಡಳು.

ಕುಳ್ಳಯ್ಯ ಎಣ್ಣೆಯ ಬಾಟಲಿ ಹಿಡಿದು ಅವಳ ಹಿಂದೆ ಮುಂದೆ ಸುತ್ತಿದ. "ಎಣ್ಣೆ ಹಚ್ಕಳ್ದೆ ಹೋಗ್ಬ್ಯಾಡಿ ಚಂದ್ರಿಕಮ್ಮ. ದಮ್ಮಯ್ಯ ಅಂತೀನಿ. ಒಂದ್ ಚೂರು, ಪಾದಕ್ಕಾದ್ರೂ."

"ಬೇಡ ಅಂದ್ನಲ್ಲ."

"ಅವ್ಳೂ ಹಿಂಗೇ ಅಂದ್ಲು." ಅವನು ಬಾಟಲಿ ನೋಡುತ್ತಾ ನಿಂತ. "ಹಚ್ಕಂಡ್ ಹೋಗೇ ಅಂದೆ. ನೀನೇ ಬಟ್ಟೆ ಎಳ್ದಿದ್ದೀಯಲ್ಲ, ಒಂದೂ ಇಲ್ಲ ಅಂದ್ಮೇಲೆ ಎಣ್ಣೆ ಯಾಕೆ, ಜಿಡ್ಡು ಅಂದ್ಲು. ನಾನೂ ಹೂಂ ಅಂದ್ಬುಟ್ಟೆ. ಕಣ್ಣಾರೆ ನೋಡಿದ್ನಲ್ಲವ್ವ. ನಿಜವಾಗ್ಲೂ ಒಂದೂ ಇರ್ಲಿಲ್ಲ."

ಚಂದ್ರಿಕಾ ತುಟಿ ಕಚ್ಚಿಕೊಂಡು ಕೆಳಗೆ ನೋಡಿದಳು. ಪಾಪ, ಅವನು ಹೀಗೆ ಹೇಳದೇ ಇನ್ನೇನು ಹೇಳುತ್ತಾನೆ? ಜೀಪಿನಲ್ಲಿ ಕೂತವನು ಹೇಳಿಕೊಟ್ಟಿರಬೇಕು.

ಎರಡು ಗಂಟೆ ಕೆಲಸ ನಡೆಯಿತು. ಇಬ್ಬನಿ ಆರಿದ ಮೇಲೆ ಕುಳ್ಳಯ್ಯ ಬಟ್ಟೆ ಎಳೆದ. ಅವಳೇ ಕಣ್ಣಿಟ್ಟು ನೋಡಿದಳು. ನೂರು ಹೆಜ್ಜೆ, ಒಂದಿಷ್ಟೂ ಮೋಸವಿಲ್ಲ.

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಐಸಿನ ಹಾಳೆಯ ಮೇಲೆ ನೂರ ನಲವತ್ತಾರು. ಅವಳ ಕಾಲುಚೀಲದ ಮೇಲೆ ಇಪ್ಪತ್ತೇಳು. ಬಟ್ಟೆಯ ಮೇಲೆ ಸೊನ್ನೆ.

"ಹಂಗಾದ್ರೆ ಬಟ್ಟೆ ವಿಧಾನವೇ ಡಬ್ಬಾ ಮೇಡಂ," ಎಂದ ಸಂಜಯ್. "ಕೆಲಸಕ್ಕೆ ಬಾರದ್ದು."

"ಐದು ವರ್ಷ ಅದೇ ವಿಧಾನದಲ್ಲಿ ಇದೇ ಗುಡ್ಡದಲ್ಲಿ ಐವತ್ತು ಸಿಕ್ಕಿದೆ." ಅವಳು ಬಟ್ಟೆಯನ್ನು ದಿಟ್ಟಿಸಿದಳು. ಬಟ್ಟೆ ಬೆಳ್ಳಗೆ, ಶುದ್ಧವಾಗಿ ಬಿದ್ದುಕೊಂಡಿತ್ತು. ಏನೋ ತಪ್ಪಿದೆ. ಏನೆಂದು ಗೊತ್ತಾಗುತ್ತಿಲ್ಲ.

ನೆತ್ತಿಯ ಬಂಡೆ ಹತ್ತಿದರೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಜಯಕುಮಾರ್ ಎತ್ತಿದ.

"ನೂರ ನಲವತ್ತಾರು ಸರ್. ನಿಮ್ಮ ಸೊನ್ನೆ ಗುಡ್ಡದಲ್ಲಿ."

"ಐಸಿಟ್ಟು ಕರೆದ್ರೆ ಊರಲ್ಲಿರೋ ಉಣುಗೆಲ್ಲ ಬರ್ತವೆ. ಬಟ್ಟೆಯಲ್ಲಿ ಎಷ್ಟು?"

ಅವಳು ಕೆಳಗಿನ ಇಳಿಜಾರಿನ ಕಡೆ ನೋಡಿದಳು.

"ಸೊನ್ನೆ ತಾನೆ? ಸಭೆಗೆ ಹೋಗೋದು ಬಟ್ಟೆ ಲೆಕ್ಕ ಮಾತ್ರ, ಮೊದಲಿಂದ ಅದೇ ನಿಯಮ."

"ಹೋದ ವರ್ಷ ನೀವು ಜೀಪಿನಿಂದ ಇಳಿದಿದ್ರಾ ಸರ್?" ಮಾತು ಬಾಯಿಂದ ಹಾರಿಬಿಟ್ಟಿತ್ತು. "ಒಬ್ಬರು ಸತ್ತಿದ್ದಾರೆ. ನಿಮ್ಮ ಸೊನ್ನೆ ನಂಬ್ಕೊಂಡು ಹೋಗಿ ಸತ್ತಿದ್ದಾರೆ."

"ನೋಡಮ್ಮ!" ಅವನ ದನಿ ಒಡೆಯಿತು. "ಹದಿನಾಲ್ಕು ಜಾಗದಲ್ಲೂ ನಾನೇ ನಿಂತು ಎಳೆಸಿದೀನಿ. ನನ್ನ ಕಣ್ಣಲ್ಲೇ ನೋಡಿದೀನಿ. ಪಟ್ಟಿಗೆ ರುಜು ಹಾಕಿರೋದು ನೀನೂ..." ಫೋನು ಕಡಿದುಹೋಯಿತು.

ಸುಳ್ಳ, ಎಂದುಕೊಂಡಳು. ಆದರೆ ಕೊನೆಯ ಮಾತು ಮಾತ್ರ ಸುಳ್ಳಾಗಿರಲಿಲ್ಲ.

*

ಇಳಿದು ಬಂದು ಸಾಮಾನು ಕಟ್ಟುವಾಗ ಕುಳ್ಳಯ್ಯ ಕೈ ಎತ್ತಿದ.

ಎಲ್ಲರೂ ನಿಂತರು. ಗಾಳಿ ಇಲ್ಲ. ಆದರೂ ಎಡಕ್ಕೆ, ವಾಟೆ ಬಿದಿರಿನ ಮೆಳೆಯಲ್ಲಿ, ಒಂದೇ ಒಂದು ಕೊಂಬೆ ಅಲುಗುತ್ತಿತ್ತು.

"ಬಟ್ಟೆ ಬುಡಿ," ಕುಳ್ಳಯ್ಯ ಉಸಿರಿನಲ್ಲೇ ಹೇಳಿದ. "ಡಬ್ಬಿ ತಗಳಿ. ಅಡ್ಡಡ್ಡಕ್ಕೆ ಓಡಿ. ಹಳ್ಳದ ಕಡೆ."

ಮೆಳೆ ಸೀಳಿತು.

ಬೂದು ಗೋಡೆಯೊಂದು ಹೊರಬಂದ ಹಾಗಿತ್ತು. ಕಿವಿ ಅಗಲಿಸಿ, ಒಂದು ದಂತ ತುಂಡಾದ ಸಲಗ.

"ಓಡ್ರೀ!"

ಚಂದ್ರಿಕಾ ಓಡಿದಳು. ಎಲೆಯ ಮೇಲೆ ಕಾಲು ಜಾರುತ್ತಿತ್ತು. ಟ್ಯೂಬಿನ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದಳು. ಹಿಂದೆ ಕೊಂಬೆ ಮುರಿಯುವ ಸದ್ದು. ಘೀಳು ಬೆನ್ನುಮೂಳೆಯೊಳಗೇ ಕೇಳಿಸಿತು.

ಪಕ್ಕದಲ್ಲಿ ಸಂಜಯ್ ಒಮ್ಮೆಲೇ ಮಾಯವಾದ. ಜಾರಿದ್ದ. ಹಳ್ಳದ ದಡದಿಂದ ಉರುಳಿ ಪಾಚಿಗಟ್ಟಿದ ಬಂಡೆಗೆ ಬಡಿದು ನೀರಿಗೆ ಬಿದ್ದ.

ಅವಳೂ ಹಿಂದೆಯೇ ಧುಮುಕಿದಳು. ಸೊಂಟದವರೆಗೆ ತಣ್ಣನೆಯ ನೀರು. ಒಂದು ಕೈಯಲ್ಲಿ ಡಬ್ಬಿ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಕಾಲರು ಹಿಡಿದು ಬಂಡೆಯ ಮರೆಗೆ ಎಳೆದಳು. ಕುಳ್ಳಯ್ಯ ಹಾವಿನ ಹಾಗೆ ಸರಿದು ಬಂದು ಇಬ್ಬರ ತಲೆಯನ್ನೂ ಒತ್ತಿ ಕೂರಿಸಿದ.

ಮೇಲೆ ಸಲಗ ಅಟ್ಟಿಸಿಕೊಂಡು ಬರಲಿಲ್ಲ. ಅದಕ್ಕೆ ಬಿಳಿ ಬಟ್ಟೆ ಸಿಕ್ಕಿತ್ತು. ಸೊಂಡಿಲಿನಿಂದ ಎತ್ತಿತು. ನೆಲಕ್ಕೆ ಬಡಿಯಿತು, ತುಳಿಯಿತು, ಕೋಲು ಲಟಕ್ಕೆಂದು ಮುರಿಯಿತು. ಮತ್ತೆ ಎತ್ತಿ ಹರಿಯಿತು. ಮೂಸಿ, ಸೊಂಡಿಲು ಕೊಡವಿ, ಹೊಲಸು ತಾಗಿದ ಹಾಗೆ ಚಿಂದಿಯನ್ನು ಎಸೆದು ಬಂದ ದಾರಿಯಲ್ಲೇ ಹೋಯಿತು.

ಕೊಂಬೆ ಮುರಿಯುವ ಸದ್ದು ದೂರವಾಗುವವರೆಗೂ ಮೂವರೂ ಬಂಡೆಗೆ ಅಂಟಿಕೊಂಡೇ ಇದ್ದರು.

"ಮೇಡಂ," ಕೊನೆಗೆ ಸಂಜಯ್ ಹಲ್ಲು ಕಚ್ಚಿಕೊಂಡು ಹೇಳಿದ, "ಆನೆಗೂ ಬಟ್ಟೆ ವಿಧಾನ ಇಷ್ಟ ಆಗ್ಲಿಲ್ಲ."

ಅವನ ಪಾದ ಆಗಲೇ ಊದಿ ಗಡಿಗೆಯಾಗಿತ್ತು. ಮುರಿದಿರಲಿಲ್ಲ, ಆದರೆ ಊರುವಂತಿರಲಿಲ್ಲ. ಚಂದ್ರಿಕಾ ತನ್ನ ದುಪಟ್ಟಾ ಹರಿದು ಬಿಗಿಯಾಗಿ ಕಟ್ಟಿದಳು. ಆಮೇಲೆ ಡಬ್ಬಿ ತೆರೆದು ಒಂದೊಂದೇ ಟ್ಯೂಬನ್ನು ಬೆಳಕಿಗೆ ಹಿಡಿದಳು. ಒಂದೂ ಒಡೆದಿರಲಿಲ್ಲ.

"ಸರಿ, ವಾಪಸ್ ಹೋಗಣ," ಎಂದ ಕುಳ್ಳಯ್ಯ.

"ಇಲ್ಲ."

"ಬಟ್ಟೆಯೇ ಹೋಗ್ಬುಟ್ತಲ್ಲವ್ವ."

"ಬ್ಯಾಗಲ್ಲಿ ಇನ್ನೊಂದಿದೆ. ಅಂಗಡಿ ಕಾಗದವನ್ನೂ ಬಿಚ್ಚಿಲ್ಲ. ಸಂಜಯ್, ಒಂದು ಗಂಟೆ ಈ ಬಂಡೆ ಮರೆಯಲ್ಲಿ ಕೂತಿರ್ತೀಯಾ? ಟ್ಯೂಬು ಕಾಯ್ಕೊಂಡು?"

"ಇನ್ನೇನು ಓಡಿ ಹೋಗ್ಲಾ ಮಾರಾಯ್ತಿ?" ಎಂದವನು ನಾಲಿಗೆ ಕಚ್ಚಿಕೊಂಡ. "ಸಾರಿ ಮೇಡಂ. ನೋವಿಗೆ ಬಂದುಬಿಡ್ತು."

ಅಂದು ಮೊದಲ ಬಾರಿಗೆ ಚಂದ್ರಿಕಾ ನಕ್ಕಳು. ಆದರೆ ಎದೆಯಲ್ಲಿ ಕೆಂಡ ಹಾಗೇ ಇತ್ತು. ಬಟ್ಟೆ ಲೆಕ್ಕ ಮಾತ್ರ ಸಭೆಗೆ ಎಂದನಲ್ಲ. ಬಟ್ಟೆಯಿಂದಲೇ ತರುತ್ತೇನೆ, ಬೆರಳು ಸವೆಯುವವರೆಗೂ ಎಳೆಯುತ್ತೇನೆ.

*

ಎರಡನೇ ಇಳಿಜಾರು ಹಳ್ಳದ ಆಚೆ ಇತ್ತು. ಭೂತಮ್ಮ ದರಗು ಗುಡಿಸಿದ್ದು ಅಲ್ಲೇ. ಅವಳು ಕಟ್ಟಿಟ್ಟು ಹೊರಲಾಗದೇ ಬಿಟ್ಟುಹೋಗಿದ್ದ ಒಂದು ಹೊರೆ ಇನ್ನೂ ಮರದ ಬುಡದಲ್ಲಿ ಕೊಳೆಯುತ್ತಾ ಕೂತಿತ್ತು. ಕುಳ್ಳಯ್ಯ ಅದರ ಕಡೆ ನೋಡದೇ ಹೊಸ ಕೋಲು ಕಡಿಯಲು ಹೋದ. ಅವನು ಬರುವಷ್ಟರಲ್ಲಿ ಚಂದ್ರಿಕಾಳೇ ಹೊಸ ಬಟ್ಟೆ ಬಿಚ್ಚಿ, ಬಿದ್ದ ಕೊಂಬೆಯೊಂದಕ್ಕೆ ಕಟ್ಟಿ, ಎಳೆಯಲು ಶುರು ಮಾಡಿದ್ದಳು. ಕಾಯುವ ತಾಳ್ಮೆ ಉಳಿದಿರಲಿಲ್ಲ.

ಹತ್ತು ಹೆಜ್ಜೆ. ನಿಂತು ಬಟ್ಟೆ ಮಗುಚಿದಳು.

ಚುಕ್ಕೆಗಳು. ಕಂದು, ಸಣ್ಣ, ನಡೆಯುವ ಚುಕ್ಕೆಗಳು. ಒಂದು, ಎರಡು... ಒಂಬತ್ತು.

ಮತ್ತೆ ಹತ್ತು ಹೆಜ್ಜೆ. ಏಳು. ಮತ್ತೆ ಹತ್ತು. ಹನ್ನೊಂದು. ಅವಳ ಚಿಮುಟ ಟ್ಯೂಬಿಗೂ ಬಟ್ಟೆಗೂ ಓಡಾಡಿತು. ಅದೇ ವಿಧಾನ, ಅದೇ ಗುಡ್ಡ, ಅದೇ ದಿನ. ಬೇರೆಯಾಗಿದ್ದದ್ದು ಬಟ್ಟೆಯೊಂದೇ. ಹಾಗಾದರೆ ತಪ್ಪಿದ್ದು ವಿಧಾನವಲ್ಲ. ಆ ಬಟ್ಟೆಗೆ ಏನೋ ಆಗಿತ್ತು.

ಹಿಂದಿನಿಂದ ಕೋಲು ಬಿದ್ದ ಸದ್ದು.

"ಅಯ್ಯಯ್ಯೋ! ಬುಡಿ, ಬುಡಿ, ಕೈಗೆ ಹತ್ತತವೆ!" ಕುಳ್ಳಯ್ಯ ಓಡಿ ಬಂದ. ಸೊಂಟದಿಂದ ಎಣ್ಣೆ ಬಾಟಲಿ ತೆಗೆದು ಮುಚ್ಚಳ ತಿರುವುತ್ತಿದ್ದ. "ಎಣ್ಣೆ ಸವರ್ದೆ ಎಳೀತಿದ್ದೀರಲ್ಲವ್ವ! ತತ್ತನ್ನಿ ಇಲ್ಲಿ. ಅಂಚಿಗೆ ಸುತ್ತ ಸವರಿ, ನಡುಮಧ್ಯಕ್ಕೆ ಎರಡ್ ಗೆರೆ ಎಳ್ದು ಕೊಡ್ತೀನಿ. ಆಮೇಕೆ ಒಂದ್ ಹುಳ ಕೈಗೆ ಹತ್ತಿದ್ರೆ ಕೇಳಿ."

ಚಂದ್ರಿಕಾ ಅಲುಗಾಡಲಿಲ್ಲ.

"ಯಾವಾಗಿಂದ," ಅವಳು ಕೇಳಿದಳು. ದನಿ ತನ್ನದೇ ಎನಿಸಲಿಲ್ಲ. "ಯಾವಾಗಿಂದ ಸವರ್ತಿದ್ದೀರಿ ಕುಳ್ಳಯ್ಯಣ್ಣ?"

"ಹೋದ್ ವರ್ಸದಿಂದ. ಇಬ್ರು ಹೆಣ್ಮಕ್ಕಳು ಬಂದಿದ್ರಲ್ಲ, ತರಬೇತೀಗೆ ಅಂತ. ಮೊದಲ್ನೇ ದಿವ್ಸ ಬೇರೆ ಕಾಡಲ್ಲಿ ಅಭ್ಯಾಸಕ್ಕೆ ಎಳ್ದಾಗ ಕೈ ತುಂಬ ಹತ್ಕಂಡು ಒಬ್ಳು ಅತ್ತೇಬುಟ್ಳು. ಯಾರೋ ಹೆತ್ತ ಮಕ್ಕಳು. ಜ್ವರ ಗಿರ ಬಂದ್ರೆ? ಅವತ್ತಿಂದ ರಾತ್ರೀನೇ ಬಟ್ಟೆಗೆ ಸವರಿ, ಆರಾಕಿ, ಬೆಳಿಗ್ಗೆ ಸುತ್ತಿ ಕೊಡ್ತೀನಿ. ಯಾರಿಗೂ ಹೇಳ್ಲಿಲ್ಲ, ಎಣ್ಣೆ ಖರ್ಚಾಯ್ತದೆ ಅಂತ ಸಾಹೇಬ್ರು ಬೈತಾರಲ್ಲ." ಅವನ ಮುಖದಲ್ಲಿ ನಾಚಿಕೆ ಬೆರೆತ ಹೆಮ್ಮೆ. "ಒಂದ್ ಹುಡ್ಗೀಗೂ ಏನೂ ಆಗ್ಲಿಲ್ಲ ನೋಡಿ."

ಕೈಗೆ ಹತ್ತಬಾರದೆಂಬುದಷ್ಟೇ ಅವನ ಯೋಚನೆ, ಬಟ್ಟೆಗೇ ಹತ್ತದೇ ಹೋಗುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ತಂಡದ ಎಲ್ಲರ ಕೈಗೂ ಅದೇ ಎಣ್ಣೆಯ ವಾಸನೆ, ಹಾಗಾಗಿ ಬಟ್ಟೆಯ ವಾಸನೆ ಯಾರ ಮೂಗಿಗೂ ಬಿದ್ದಿರಲಿಲ್ಲ. ಆನೆಗೆ ಮಾತ್ರ ಬಿದ್ದಿತ್ತು.

ಹದಿನಾಲ್ಕು ಸೊನ್ನೆ. ಜಯಕುಮಾರ್ ಜೀಪಿನಿಂದ ಇಳಿದಿದ್ದ, ನಿಂತಿದ್ದ, ಕಣ್ಣಾರೆ ನೋಡಿದ್ದ. ಯಾರೂ ಸುಳ್ಳು ಬರೆದಿರಲಿಲ್ಲ. ಒಂದು ವರ್ಷ ಅವಳು ಜೋಪಾನವಾಗಿ ಸಾಕಿದ ಸಿಟ್ಟು ಕೈಯಲ್ಲಿ ಹಾಗೇ ಉಳಿಯಿತು, ಎಸೆಯಲು ಜಾಗವಿಲ್ಲದೇ. ಎದುರಿಗಿದ್ದವನ ಮೇಲೆ ಎಸೆಯಬಹುದಿತ್ತು. ಬಾಯಿಯವರೆಗೂ ಬಂದಿತ್ತು. ನೀನು ಕೊಂದೆ ಕುಳ್ಳಯ್ಯಣ್ಣ. ನಿನ್ನ ಕೈಯಾರೆ, ನಿನ್ನ ಎಣ್ಣೆಯಿಂದ, ನಿನ್ನ ಭೂತಮ್ಮನನ್ನ.

ಅವನು ಬಾಟಲಿ ಚಾಚಿಕೊಂಡು ನಿಂತಿದ್ದ. ಅವನ ಹಿಂದೆ ಆ ಹೊರೆ.

ಅವಳು ಮುಖ ತಿರುಗಿಸಿ, ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಬರಿಯ ಕೊಂಬೆಯನ್ನು ಮರದ ಬೊಡ್ಡೆಗೆ ಬೀಸಿ ಬಡಿದಳು. ಒಂದು ಸಲ, ಎರಡು ಸಲ, ಕೊಂಬೆ ಚೂರಾಗುವವರೆಗೆ.

"ಏನಾಯ್ತವ್ವ?"

"ಏನಿಲ್ಲ. ಕೊಂಬೆ ಸರಿ ಇರ್ಲಿಲ್ಲ. ನಿಮ್ಮ ಕೋಲು ಕೊಡಿ."

"ಎಣ್ಣೆ?"

"ಬೇಡ. ಹೊಸ ಬಟ್ಟೆ, ಕಲೆ ಆಗುತ್ತೆ." ಅವನ ಕೋಲಿಗೆ ಬಟ್ಟೆ ಕಟ್ಟಿಕೊಂಡಳು. "ಇನ್ಮೇಲೆ ಬಟ್ಟೆ ನನ್ನ ಕೆಲಸ. ನೀವು ದಾರಿ ನೋಡ್ಕೊಳ್ಳಿ ಸಾಕು. ಎಣ್ಣೆ ಬೇಕಾದ್ರೆ ನನ್ನ ಕೈಗೆ ಹಾಕಿ, ಗ್ಲೌಸು ಅದರ ಮೇಲೆ ಹಾಕ್ಕೊಳ್ತೀನಿ."

ಅವನು ಅವಳ ಎರಡೂ ಅಂಗೈಗೆ ಧಾರಾಳವಾಗಿ ಸುರಿದ.

ನೂರು ಹೆಜ್ಜೆ ಮುಗಿದಾಗ ಟ್ಯೂಬುಗಳಲ್ಲಿ ಅರವತ್ತೊಂದಿದ್ದವು.

*

ಬೆಳಿಗ್ಗೆ ಎರಡೂವರೆ ಗಂಟೆ ಹಿಡಿದಿದ್ದ ದಾರಿ ಇಳಿಯುವಾಗ ಐದು ಗಂಟೆ ಹಿಡಿಯಿತು. ಬಟ್ಟೆ ಎಳೆದ ಕೋಲೇ ಸಂಜಯನ ಊರುಗೋಲಾಯಿತು. ಇನ್ನೊಂದು ಪಕ್ಕಕ್ಕೆ ಕುಳ್ಳಯ್ಯ ಹೆಗಲು ಕೊಟ್ಟ. ಕಡಿದಾದ ಕಡೆಗಳಲ್ಲಿ ಅವನನ್ನು ಕೂರಿಸಿ, ಮಗುವನ್ನು ಜಾರಿಸುವ ಹಾಗೆ ಜಾರಿಸಿದರು. ಎರಡು ಕಡೆ ಸಲಗದ ಲದ್ದಿ ಕಂಡು ಸುತ್ತು ಬಳಸಿದರು. ಏಲಕ್ಕಿ ತೋಟದ ಬೇಲಿ ಸಿಕ್ಕಾಗ ಕುಳ್ಳಯ್ಯ ನೆಲ ಮುಟ್ಟಿ ನಮಸ್ಕಾರ ಮಾಡಿದ.

ಜೀಪಿನ ಹತ್ತಿರ ಹೊಸ ತೊಂದರೆ. ಓಡಿಸುವವನ ಕಾಲು ಕುಂಬಳಕಾಯಿಯಾಗಿತ್ತು.

"ನಂಗೆ ಲೈಸೆನ್ಸ್ ಇದೆ," ಎಂದಳು ಚಂದ್ರಿಕಾ.

"ಜೀಪು ಎಲ್ಲಿ ಓಡ್ಸಿದ್ದೀರಿ?"

"ಆಲೂರಿನ ಮೈದಾನದಲ್ಲಿ."

"ಕುಳ್ಳಯ್ಯಣ್ಣ, ನಾನು ನಡ್ಕೊಂಡೇ ಬರ್ತೀನಿ," ಎಂದ ಸಂಜಯ್. ಆದರೂ ಹತ್ತಿದ. ದಾರಿಯುದ್ದಕ್ಕೂ "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು" ಎಂದು ಕೂಗುತ್ತಿದ್ದ. ಅವಳು ಸ್ಟೀರಿಂಗನ್ನು ಅದರ ಕತ್ತು ಹಿಸುಕುವ ಹಾಗೆ ಹಿಡಿದಿದ್ದಳು. ಕತ್ತಲಾಗುವ ಹೊತ್ತಿಗೆ ವನಗೂರಿನ ದೀಪಗಳು ಕಂಡವು. ಡಬ್ಬಿ ಅವಳ ತೊಡೆಯ ಪಕ್ಕದಲ್ಲೇ, ಸೀಟುಬೆಲ್ಟಿನಲ್ಲಿ, ಭದ್ರವಾಗಿ ಕೂತಿತ್ತು.

ಭಾನುವಾರ ಇಡೀ ದಿನ ಕೂತು ಬರೆದಳು. ಐಸಿನ ಲೆಕ್ಕ, ನಡಿಗೆಯ ಲೆಕ್ಕ, ಎರಡು ಬಟ್ಟೆಗಳ ಲೆಕ್ಕ. ಕೊನೆಯ ಪುಟದ ಒಂದು ಸಾಲಿಗೆ ಮೂರು ಗಂಟೆ ಹಿಡಿಯಿತು. ಅದು ಸುಳ್ಳಾಗಬಾರದು, ಯಾರನ್ನೂ ಇರಿಯಲೂಬಾರದು. ಆಮೇಲೆ ಬರೆದಳು: ಕಳೆದ ವರ್ಷ ಎಳೆದ ಬಟ್ಟೆಗೆ ಡೇಪಾ ಎಣ್ಣೆ ತಾಗಿತ್ತು. ಆದ್ದರಿಂದ ಹದಿನಾಲ್ಕು ಜಾಗಗಳ ಲೆಕ್ಕವೂ ನಂಬಲರ್ಹವಲ್ಲ. ಎಣ್ಣೆ ಮತ್ತು ಬಟ್ಟೆ ಒಂದೇ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಲೆಕ್ಕದ ಮೇಲೆ ಅನುಮಾನ ಬಂದರೂ ಬಟ್ಟೆಯನ್ನು ಪರೀಕ್ಷಿಸದೇ ರುಜು ಹಾಕಿದ ತಪ್ಪು ನನ್ನದು.

ಸೋಮವಾರದ ಸಭೆಯಲ್ಲಿ ಜಯಕುಮಾರ್ ಆ ಸಾಲನ್ನು ಎರಡು ಸಲ ಓದಿದ.

"ಎಣ್ಣೆ ತಾಗಿದ್ದು ಹೇಗೆ?"

"ಬರೆದಿದ್ದೀನಲ್ಲ ಸರ್. ನೋಡ್ಕೋಬೇಕಾದವಳು ನಾನು." ಆಮೇಲೆ, ಅವನತ್ತ ತಿರುಗಿ, "ನೀವು ಜೀಪಿನಿಂದ ಇಳಿದಿದ್ರಿ. ಅವತ್ತು ಫೋನಲ್ಲಿ ನಾನು ಅಂದದ್ದು ತಪ್ಪು."

ಅವನು ಕಾಗದ ಮಡಚಿಟ್ಟ. ಅವಳನ್ನು ಕ್ಷಮಿಸಿದಂತೆ ಕಾಣಲಿಲ್ಲ. ಆದರೆ ಕೆಂಜಿಗೆಗುಡ್ಡ ಮುಚ್ಚಿಯೇ ಇರಲೆಂದು ತಾನೇ ಹೇಳಿದ. ಹದಿನಾಲ್ಕೂ ಜಾಗಗಳನ್ನು ಹೊಸ ಬಟ್ಟೆಯಿಂದ ಮತ್ತೆ ನೋಡುವುದೆಂದಾಯಿತು. ಪ್ರತಿ ಕಡೆ ಐಸನ್ನೂ ಇಡುವುದೆಂದಾಯಿತು.

ಹೊರಗೆ ಬಿಸಿಲಲ್ಲಿ ಜೀಪಿಗೆ ಒರಗಿ ಕುಳ್ಳಯ್ಯ ಕಾಯುತ್ತಿದ್ದ. ಹೊಸ ಐಸಿನ ಪೆಟ್ಟಿಗೆ ಜೀಪಿನ ನೆರಳಲ್ಲಿತ್ತು. ಬೆಂಕಿಯಿಂದ, ಬಿಸಿಲಿನಿಂದ ದೂರ.

"ಏನಂದ್ರವ್ವ?"

"ಗುಡ್ಡ ಮುಚ್ಚೇ ಇರುತ್ತೆ. ಈ ವರ್ಷ ಯಾರೂ ಹೋಗಲ್ಲ."

ಅವನು ತಲೆಯಾಡಿಸಿದ. ಟವಲಿನಲ್ಲಿ ಮುಖ ಒರೆಸಿಕೊಂಡ. "ಹೋದ್ ವರ್ಸ ಬಟ್ಟೆ ಯಾಕವ್ವ ಸೊನ್ನೆ ತೋರುಸ್ತು?"

"ಬಟ್ಟೆ ಕೆಟ್ಟಿತ್ತು ಕುಳ್ಳಯ್ಯಣ್ಣ. ನಾನು ನೋಡ್ಕೋಬೇಕಿತ್ತು. ನೋಡ್ಕೊಳ್ಲಿಲ್ಲ."

ಅವನು ಟವಲು ಮಡಚಿ ಹೆಗಲಿಗೆ ಹಾಕಿಕೊಂಡ. ಕೂಗಾಡಲಿ ಎಂದು ಅವಳು ಕಾದಳು. ಕೂಗಾಡಿದ್ದರೆ ಒಳ್ಳೆಯದಿತ್ತು.

"ಬುಡಿ ಚಂದ್ರಿಕಮ್ಮ," ಎಂದ ಕೊನೆಗೆ. "ನೀವೇನ್ ಬೇಕಂತ ಮಾಡಿದ್ರಾ? ಮನಸ್ಸಿಗೆ ಹಚ್ಕಬ್ಯಾಡಿ."

ಜೀಪಿನೊಳಗಿಂದ ಸಂಜಯ್, ಬ್ಯಾಂಡೇಜು ಸುತ್ತಿದ ಕಾಲನ್ನು ಕಿಟಕಿಯಾಚೆ ಚಾಚಿಕೊಂಡು, ಕೇಳಿದ. "ಮೇಡಂ, ಆ ಬಟ್ಟೆ ನಿಜವಾಗ್ಲೂ ಹೆಂಗೆ ಕೆಡ್ತು ಅಂತ ಗೊತ್ತಾಯ್ತಾ?"

ಕುಳ್ಳಯ್ಯ ಕೆಳಗೆ ಕೂತು, ನಾಳೆಯ ಕಾಡಿಗೆಂದು, ಅವಳ ಬೂಟಿನ ಅಂಚಿಗೆ ಎಣ್ಣೆ ಸವರುತ್ತಿದ್ದ. ಒಂದು ಎಳೆಯೂ ಬಿಡದ ಹಾಗೆ, ನಿಧಾನವಾಗಿ, ಸುತ್ತ. ಅವಳು ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.

"ಇಲ್ಲ," ಎಂದಳು. ಇನ್ನು ಯಾರು ಕೇಳಿದರೂ, ಎಷ್ಟು ವರ್ಷ ಕಳೆದರೂ, ಅವಳ ಉತ್ತರ ಅದೇ.